ಹನ್ನೆರಡು ಪದಗಳ ಪಾಠಾಂತರ

ಗ್ರಂಥಸಂಪಾದನೆಯ ತರಗತಿ ಮುಗಿದ ಮೇಲೆ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಮಡಿಸಿದ ಹಾಳೆಯೊಂದನ್ನು ಹಿಡಿದು ವಿಭಾಗದ ಕೊಠಡಿಗೆ ಬಂದಳು. ಅವಳ ಅಣ್ಣ ಕೊಲ್ಲಿ ನಾಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಉಳಿತಾಯದ ಒಂದು ಪಾಲನ್ನು ತಿಂಗಳಿಗಿಷ್ಟೆಂದು ಬಿಟ್‌ಕಾಯಿನ್ ರೂಪದಲ್ಲಿ ಮೊಬೈಲಿನ ‘ವ್ಯಾಲೆಟ್’ನಲ್ಲಿ ಇಡುತ್ತಾ ಬಂದಿದ್ದ. ವ್ಯಾಲೆಟ್ ತೆರೆದ ದಿನ ಅದು ತೋರಿಸಿದ ಹನ್ನೆರಡು ಇಂಗ್ಲಿಷ್ ಪದಗಳನ್ನು ಊರಿನಲ್ಲಿದ್ದ ತಾಯಿಗೆ ಫೋನಿನಲ್ಲಿ ಓದಿ, “ಬರೆದಿಟ್ಟುಕೊಳ್ಳಮ್ಮ” ಎಂದಿದ್ದ. ತಾಯಿ ಕಲಿತದ್ದು ಕನ್ನಡ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಕಿವಿಗೆ ಬಿದ್ದಂತೆ ಕನ್ನಡ ಅಕ್ಷರಗಳಲ್ಲಿ ಬರೆದು ಹಳೆಯ ಪಂಚಾಂಗದೊಳಗೆ ಇಟ್ಟಿದ್ದರು. ಈಗ ಅಣ್ಣನ ಫೋನ್ ಕಳೆದುಹೋಗಿದೆ.

“ಸರ್, ಫೋನಿನ ಜೊತೆ ಹಣವೂ ಹೋಯಿತಲ್ಲವೇ?” ಎಂದು ಕೇಳುತ್ತಾ ಹಾಳೆಯನ್ನು ಬಿಡಿಸಲು ಹೊರಟಳು. ಬಿಡಿಸಬೇಡವೆಂದೆ. ಆ ಹಾಳೆಯನ್ನು ನಾನು ಇಂದಿಗೂ ನೋಡಿಲ್ಲ. ಏಕೆ ನೋಡಲಿಲ್ಲವೆಂಬುದು ಮುಂದೆ ತಿಳಿಯುತ್ತದೆ. ಅವಳ ಪ್ರಶ್ನೆಯ ಸುದ್ದಿ ತರಗತಿಯಲ್ಲಿ ಹರಡಿದ ಮೇಲೆ ಉಳಿದವರೂ ತಮ್ಮ ಸಂದೇಹಗಳನ್ನು ತಂದರು. ಅವುಗಳಿಗೆ ಉತ್ತರವಾಗಿ ಈ ಬರಹ. ಹಣ ಹೂಡಿರೆಂದಾಗಲಿ ಹೂಡಬೇಡಿರೆಂದಾಗಲಿ ಹೇಳುವುದು ಇದರ ಉದ್ದೇಶವಲ್ಲ.

ಮೊದಲ ತೊಡಕು ‘ವ್ಯಾಲೆಟ್’ ಎಂಬ ಹೆಸರಿನದೇ. ಕೈಚೀಲವೆಂದಾಗ ಒಳಗೆ ನಾಣ್ಯವಿರಬೇಕು, ಚೀಲ ಕಳೆದರೆ ನಾಣ್ಯವೂ ಕಳೆಯಬೇಕು. ಇಲ್ಲಿ ಹಾಗಿಲ್ಲ. ಬಿಟ್‌ಕಾಯಿನ್ ಯಾರ ಫೋನಿನಲ್ಲಿಯೂ ಇರುವುದಿಲ್ಲ. ಇರುವುದು ಒಂದು ಲೆಕ್ಕದ ಪುಸ್ತಕ ಮಾತ್ರ. ಆ ಪುಸ್ತಕದ ಪೂರ್ಣ ಪ್ರತಿಗಳು ಲೋಕದ ನಾನಾ ಕಡೆಯ ಸಾವಿರಾರು ಗಣಕಯಂತ್ರಗಳಲ್ಲಿವೆ. ಯಾರು ಬೇಕಾದರೂ ಓದಬಹುದು. ಇಂಥ ವಿಳಾಸಕ್ಕೆ ಇಷ್ಟು ಸಂದಿದೆ ಎಂದು ಅಲ್ಲಿ ಬರೆದಿರುತ್ತದೆ. ಆ ವಿಳಾಸದಿಂದ ಮುಂದಕ್ಕೆ ಸಲ್ಲಿಸಲು ಬೇಕಾದ ಗುಟ್ಟಿನ ಸಂಖ್ಯೆಯೇ ಕೀಲಿ. ವ್ಯಾಲೆಟ್ ಕಾಯುವುದು ಈ ಕೀಲಿಯನ್ನು. ಅದನ್ನು ‘ಕೀಲಿಗೊಂಚಲು’ ಎಂದು ಕರೆದಿದ್ದರೆ ಅರ್ಧ ಗೊಂದಲ ಹುಟ್ಟುತ್ತಲೇ ಇರಲಿಲ್ಲ.

ಲೆಕ್ಕದ ಪುಸ್ತಕವೆಂದಾಗ ನಮ್ಮ ಹಿರಿಯ ವರ್ತಕರ ಕಡತ ನೆನಪಾಗುವುದು ಸಹಜ. ಆದರೆ ಕಡತ ವರ್ತಕನ ಮನೆಯಲ್ಲಿರುತ್ತಿತ್ತು, ಬಳಪದ ಬರಹವನ್ನು ಅಳಿಸಿ ತಿದ್ದಬಹುದಿತ್ತು. ಇದು ಶಾಸನಕ್ಕೆ ಹೆಚ್ಚು ಹತ್ತಿರ. ತಾಮ್ರಶಾಸನಗಳನ್ನು ನೀವು ಓದಿದ್ದೀರಿ: ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ಕೂಡುಗಂಟಿಗೆ ರಾಜಮುದ್ರೆ ಒತ್ತುತ್ತಿದ್ದರು. ನಡುವಣ ಹಲಗೆಯನ್ನು ಬದಲಿಸಬೇಕಾದರೆ ಮುದ್ರೆಯನ್ನು ಒಡೆಯಬೇಕು. ಹಾಗಿದ್ದೂ ಕೂಟಶಾಸನಗಳು ಹುಟ್ಟಿದವು. ಗಂಗರ ಹಲವು ತಾಮ್ರಪಟಗಳ ಪ್ರಾಮಾಣ್ಯವನ್ನು ಫ್ಲೀಟ್ ಪ್ರಶ್ನಿಸಿದ ಚರ್ಚೆ ನಿಮಗೆ ತಿಳಿದದ್ದೇ. ಬಿಟ್‌ಕಾಯಿನ್ ಪುಸ್ತಕದಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದು ಹೊಸ ಹಲಗೆ ಸೇರುತ್ತದೆ. ಪ್ರತಿಯೊಂದು ಹಲಗೆಯೂ ಹಿಂದಿನ ಹಲಗೆಯ ಒಟ್ಟು ಬರಹದಿಂದ ಲೆಕ್ಕ ಹಾಕಿ ತೆಗೆದ ಸಂಖ್ಯೆಯೊಂದನ್ನು ತನ್ನಲ್ಲಿ ಕೆತ್ತಿಕೊಂಡಿರುತ್ತದೆ. ಹಿಂದಿನದರಲ್ಲಿ ಒಂದಕ್ಷರ ತಿದ್ದಿದರೂ ಮುಂದಿನವೆಲ್ಲ ಹೊಂದಿಕೆ ತಪ್ಪುತ್ತವೆ. ಬೇರೆ ಸಾವಿರಾರು ಪ್ರತಿಗಳು ಅದನ್ನು ಒಪ್ಪುವುದಿಲ್ಲ. 2009ರ ಜನವರಿ 3ರ ದಿನಾಂಕ ಹೊತ್ತ ಮೊದಲ ಹಲಗೆಯಿಂದ ಈ ಸರಪಣಿ ಬೆಳೆಯುತ್ತಿದೆ. ಇದನ್ನು ರೂಪಿಸಿದಾತ ಸತೋಶಿ ನಾಕಾಮೋಟೊ ಎಂಬ ಹೆಸರಿಟ್ಟುಕೊಂಡಿದ್ದ. ಆ ಹೆಸರಿನ ಹಿಂದೆ ಯಾರಿದ್ದರೆಂಬುದು, ನಮ್ಮ ಎಷ್ಟೋ ಪ್ರಾಚೀನ ಕೃತಿಗಳ ಕರ್ತೃತ್ವದಂತೆ, ಇನ್ನೂ ತೀರ್ಮಾನವಾಗಿಲ್ಲ.

ಆದ್ದರಿಂದ ಆ ಹುಡುಗಿಗೆ ಕೊಟ್ಟ ಉತ್ತರ: ಹಣ ಹೋಗಿಲ್ಲ, ಪುಸ್ತಕದಲ್ಲಿ ಹಾಗೆಯೇ ಇದೆ. ಕಳೆದದ್ದು ಕೀಲಿಯ ಒಂದು ಪ್ರತಿ. ಇನ್ನೊಂದು ಪ್ರತಿ ನಿನ್ನ ಕೈಯ ಹಾಳೆಯಲ್ಲಿದೆ, ಅದನ್ನು ಸರಿಯಾಗಿ ಓದಲು ಬಂದರೆ.

ಕೀಲಿಯೆಂಬುದು ಬಹು ದೊಡ್ಡ ಸಂಖ್ಯೆ. ಅದನ್ನು ಮನುಷ್ಯರು ತಪ್ಪಿಲ್ಲದೆ ನಕಲು ಮಾಡಲಾರರೆಂದು 2013ರಲ್ಲಿ ಒಂದು ಪದ್ಧತಿಯನ್ನು ಮುಂದಿಟ್ಟರು. 2048 ಸಾಮಾನ್ಯ ಪದಗಳ ಒಂದು ಪಟ್ಟಿ. ಪ್ರತಿ ಪದಕ್ಕೂ ಅದರ ಸ್ಥಾನವೇ ಬೆಲೆ. ಹನ್ನೆರಡು ಪದಗಳನ್ನು ಅನುಕ್ರಮವಾಗಿ ಬರೆದರೆ ಅವುಗಳಿಂದ ಎಲ್ಲ ಕೀಲಿಗಳನ್ನೂ ಮರಳಿ ಕಟ್ಟಬಹುದು. ಹೊಸ ಫೋನಿನಲ್ಲಿ ಈ ಪದಗಳನ್ನು ಕೊಟ್ಟರೆ ಹಳೆಯ ವ್ಯಾಲೆಟ್ ಎದ್ದು ಬರುತ್ತದೆ. ಕಳ್ಳನ ಫೋನಿನಲ್ಲಿ ಕೊಟ್ಟರೂ ಎದ್ದು ಬರುತ್ತದೆ. ಹಾಳೆಯನ್ನು ನಾನು ನೋಡದಿದ್ದುದು ಅದಕ್ಕೇ: ನೋಡಿದವನು ಒಡೆಯನಿಗೆ ಸಮಾನ. “ನಿಮ್ಮ ವ್ಯಾಲೆಟ್‌ನಲ್ಲಿ ದೋಷವಿದೆ, ಸರಿಪಡಿಸಲು ಹನ್ನೆರಡು ಪದಗಳನ್ನು ಹೇಳಿ” ಎಂದು ಸಹಾಯವಾಣಿಯ ಹೆಸರಿನಲ್ಲಿ ಕರೆ ಮಾಡುವವರು ಕೇಳುತ್ತಿರುವುದು ಪೆಟ್ಟಿಗೆಯನ್ನೇ. ಪ್ರಾಮಾಣಿಕವಾದ ಯಾವ ಸಂಸ್ಥೆಗೂ ಆ ಪದಗಳ ಅಗತ್ಯವಿಲ್ಲ.

ಇನ್ನು ತಾಯಿಯವರ ಕನ್ನಡ ಬರಹ. ಆ ಪಟ್ಟಿಯಲ್ಲಿ ‘ಬರೆ’ ಎಂಬರ್ಥದ ರೈಟ್ ಇದೆ, ‘ಸರಿ’ ಎಂಬರ್ಥದ ರೈಟ್ ಕೂಡ ಇದೆ. ‘ಜೋಡಿ’ ಎಂಬರ್ಥದ ಪೇರ್ ಇದೆ, ಹಣ್ಣಿನ ಹೆಸರಾದ ಪೇರ್ ಕೂಡ ಇದೆ. ಇಂಗ್ಲಿಷ್ ಲಿಪಿಯಲ್ಲಿ ಇವು ಬೇರೆ ಬೇರೆ. ಕನ್ನಡ ಲಿಪಿಯಲ್ಲಿ ಒಂದೇ. (ಇವು ನನ್ನ ಉದಾಹರಣೆಗಳು, ಹಾಳೆಯಲ್ಲಿದ್ದವುಗಳಲ್ಲ.) ಉಚ್ಚಾರಣೆಯನ್ನು ನಿಷ್ಠೆಯಿಂದ ಹಿಡಿಯುವುದೇ ನಮ್ಮ ಲಿಪಿಯ ಹೆಮ್ಮೆ, ಆ ಹೆಮ್ಮೆಯೇ ಇಲ್ಲಿ ಅಡ್ಡಬಂದಿತು. ಹುಡುಗಿಗೆ ನಾನು ಹೇಳಿದ್ದು ತರಗತಿಯಲ್ಲಿ ಹೇಳಿದ್ದನ್ನೇ: ಮೂಲ ಪ್ರತಿಯನ್ನು ತಿದ್ದಬೇಡ, ಸಂದೇಹವಿರುವ ಕಡೆ ಸಾಧ್ಯವಿರುವ ಪಾಠಗಳನ್ನೆಲ್ಲ ಬರೆದುಕೊ, ಪಟ್ಟಿಯಲ್ಲಿ ಇಲ್ಲದ ಪದವನ್ನು ಬಿಡು. ಪಟ್ಟಿ ಮಾಡಿದವರು ಜಾಣರು. ಇಂಗ್ಲಿಷ್ ಪಟ್ಟಿಯಲ್ಲಿ ಪದದ ಮೊದಲ ನಾಲ್ಕು ಅಕ್ಷರಗಳು ತಿಳಿದರೆ ಪದ ಯಾವುದೆಂದು ಖಚಿತವಾಗುತ್ತದೆ. ಅದಲ್ಲದೆ ಹನ್ನೆರಡನೆಯ ಪದದ ಒಂದಂಶ ಉಳಿದವುಗಳ ಮೇಲಿನ ತಾಳೆಗಾಗಿ ಮೀಸಲಾಗಿದೆ. ಹೇಗೆಂದರೆ ಹಾಗೆ ಆರಿಸಿದ ಹನ್ನೆರಡು ಪದಗಳು ಈ ತಾಳೆಯಲ್ಲಿ ತೇರ್ಗಡೆಯಾಗುವ ಸಂಭವ ಹದಿನಾರರಲ್ಲಿ ಒಂದು.

ಅಣ್ಣ ರಜೆಯಲ್ಲಿ ಬಂದಾಗ ಒಡಹುಟ್ಟಿದವರಿಬ್ಬರೂ ಕುಳಿತು ಓದಿದರು. ಎರಡು ಪದಗಳು ಸಂದಿಗ್ಧವಾಗಿದ್ದವು, ಒಂದೊಂದಕ್ಕೂ ಎರಡು ಪಾಠ. ಒಟ್ಟು ನಾಲ್ಕು ಪಾಠಾಂತರಗಳು. ಮೂರನ್ನು ವ್ಯಾಲೆಟ್ ತಿರಸ್ಕರಿಸಿತು. ನಾಲ್ಕನೆಯದನ್ನು ಒಪ್ಪಿ, ಉಳಿತಾಯವನ್ನು ಪೂರ್ತಿ ತೋರಿಸಿತು.

ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಕಳೆದ ಫೋನ್ ಯಾರ ಕೈಯಲ್ಲಿದೆಯೋ ತಿಳಿಯದು. ಅವರು ಬೀಗ ತೆಗೆದರೆ ಅದೇ ಕೀಲಿ ಅವರಿಗೂ ಸಿಗುತ್ತದೆ. ಆದಕಾರಣ ಹೊಸ ಪದಗಳ ಹೊಸ ವ್ಯಾಲೆಟ್ ತೆರೆದು ಎಲ್ಲವನ್ನೂ ಅದರ ವಿಳಾಸಕ್ಕೆ ಸಾಗಿಸಬೇಕು. ಸಾಗಿಸಲು ಹೊರಟಾಗ ಶುಲ್ಕ ಕಂಡು ಅಣ್ಣ ಬೆಚ್ಚಿದನಂತೆ. “ನನ್ನ ಗೆಳೆಯ ಇದಕ್ಕಿಂತ ದೊಡ್ಡ ಮೊತ್ತ ಕಳುಹಿಸಿದ, ಅವನಿಗೆ ಇದರ ಹತ್ತರಲ್ಲೊಂದು ಪಾಲೂ ತಗಲಲಿಲ್ಲ” ಎಂಬುದು ಅವನ ದೂರು.

ಈ ದೂರಿಗೆ ಉತ್ತರ ಹಳೆಯ ಅಂಚೆ ಕಚೇರಿಯಲ್ಲಿದೆ. ಮನಿಯಾರ್ಡರಿಗೆ ಮೊತ್ತ ನೋಡಿ ಶುಲ್ಕ. ತಂತಿಗೆ ಪದಗಳನ್ನು ಎಣಿಸಿ ಶುಲ್ಕ. ತಂತಿಯಲ್ಲಿ ಲಕ್ಷ ರೂಪಾಯಿಯ ವ್ಯವಹಾರದ ಮಾತಿದ್ದರೂ ಕ್ಷೇಮಸಮಾಚಾರವಿದ್ದರೂ ಗುಮಾಸ್ತ ಎಣಿಸುತ್ತಿದ್ದುದು ಪದಗಳನ್ನೇ. ಬಿಟ್‌ಕಾಯಿನ್ ಶುಲ್ಕ ತಂತಿಯ ಜಾತಿಯದು. ಹಲಗೆಯಲ್ಲಿ ಜಾಗ ಮಿತವಾಗಿದೆ. ನಿಮ್ಮ ಬರಹ ಎಷ್ಟು ಜಾಗ ಹಿಡಿಯುತ್ತದೆಯೋ ಅಷ್ಟಕ್ಕೆ ಬೆಲೆ. ಜಾಗದ ಅಳತೆ ಬೈಟ್‌ಗಳಲ್ಲಿ, ಬೆಲೆ ಸತೋಶಿಗಳಲ್ಲಿ. ಒಂದು ಬಿಟ್‌ಕಾಯಿನ್ ಎಂದರೆ ಹತ್ತು ಕೋಟಿ ಸತೋಶಿ.

ಬರಹ ಏಕೆ ಉದ್ದವಾಗುತ್ತದೆ? ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಒಟ್ಟು ಮೊತ್ತವೆಂಬುದು ಇರುವುದಿಲ್ಲ. ಬಂದ ಒಂದೊಂದು ಕಂತೂ ಒಂದೊಂದು ಇಡಿಯಾದ ತುಂಡು. ಖರ್ಚು ಮಾಡುವಾಗ ಯಾವ ಯಾವ ತುಂಡುಗಳನ್ನು ತೆಗೆದಿರೆಂದು ಪ್ರತಿಯೊಂದಕ್ಕೂ ಬೇರೆ ಸಹಿ ಹಾಕಬೇಕು. ಈಗ ಸಾಮಾನ್ಯವಾಗಿರುವ ಬಗೆಯ ವಿಳಾಸಗಳಲ್ಲಿ ಒಂದು ತುಂಡನ್ನು ತೆಗೆಯಲು ಸುಮಾರು 68 ಬೈಟ್, ಹೊಸ ವಿಳಾಸಕ್ಕೆ ಸಲ್ಲಿಸಲು 31, ತಲೆಬರಹಕ್ಕೆ ಸುಮಾರು 11. ಗೆಳೆಯ ಒಂದೇ ದೊಡ್ಡ ತುಂಡನ್ನು ಸಾಗಿಸಿದ್ದರೆ ಒಟ್ಟು 110 ಬೈಟ್ ಆಯಿತು. ಬೈಟ್‌ಗೆ 10 ಸತೋಶಿ ದರವಿದ್ದ ದಿನ 1100 ಸತೋಶಿ. ನಮ್ಮ ಅಣ್ಣ ತಿಂಗಳಿಗೊಮ್ಮೆಯಂತೆ ಕೂಡಿಟ್ಟ ಇಪ್ಪತ್ತು ಸಣ್ಣ ತುಂಡುಗಳಿದ್ದವು: 1360ಕ್ಕೆ 42 ಸೇರಿಸಿ 1402 ಬೈಟ್; ಅದೇ ದರದಲ್ಲಿ 14,020 ಸತೋಶಿ. ಹುಂಡಿಯ ಚಿಲ್ಲರೆಯನ್ನು ಎಣಿಸಿಕೊಡುವವನಿಗೆ ನೋಟು ಕೊಡುವವನಿಗಿಂತ ಹೆಚ್ಚು ಹೊತ್ತು ಹಿಡಿಯುವುದಿಲ್ಲವೇ?

ದರವನ್ನು ಯಾವ ಕಚೇರಿಯೂ ನಿಗದಿಪಡಿಸುವುದಿಲ್ಲ. ಹಲಗೆ ಕೆತ್ತುವವರು, ಅಂದರೆ ಮೈನರ್‌ಗಳು, ಹೆಚ್ಚು ಕೊಟ್ಟವರನ್ನು ಮೊದಲು ಸೇರಿಸಿಕೊಳ್ಳುತ್ತಾರೆ. ಗದ್ದಲವಿಲ್ಲದ ದಿನ ಬೈಟ್‌ಗೆ ಒಂದೆರಡು ಸತೋಶಿಗೂ ಕೆಲಸವಾಗುತ್ತದೆ. 2024ರ ಏಪ್ರಿಲ್ 20ರಂದು ನೂಕುನುಗ್ಗಲಾಗಿ ಸರಾಸರಿ ಶುಲ್ಕ ನೂರು ಡಾಲರ್ ದಾಟಿತ್ತು. ಅವಸರವಿಲ್ಲದವರು ಕಾಯುವುದು ಲೇಸು. ಆದರೆ ಕೀಲಿಯ ಪ್ರತಿ ಬೀದಿಯಲ್ಲಿ ಬಿದ್ದಿರುವಾಗ ಚೌಕಾಸಿ ಸಲ್ಲದು. ಅಣ್ಣ ಗೊಣಗುತ್ತಲೇ ಕೊಟ್ಟ.

ಕೊಟ್ಟ ಮೇಲೂ ಅರ್ಧ ಗಂಟೆ ಏನೂ ಆಗಲಿಲ್ಲ. ಇದು ಇನ್ನೊಬ್ಬ ವಿದ್ಯಾರ್ಥಿಯ ಪ್ರಶ್ನೆಯೂ ಹೌದು: “ಕಳುಹಿಸಿದ್ದು ಬಂದಿಲ್ಲ, ದಾರಿಯಲ್ಲಿ ಎಲ್ಲಿದೆ?” ದಾರಿಯಲ್ಲಿ ಇಲ್ಲ, ಬರೆಯಿಸಿಕೊಳ್ಳಲು ಸರತಿಯಲ್ಲಿದೆ. ಹತ್ತು ನಿಮಿಷವೆಂಬುದು ಸರಾಸರಿ ಮಾತ್ರ, ಕೆಲವೊಮ್ಮೆ ಮುಂದಿನ ಹಲಗೆಗೆ ಒಂದು ಗಂಟೆಯೂ ಆಗಬಹುದು. ಹಲಗೆಯೊಂದರಲ್ಲಿ ಸೇರಿ, ಅದರ ಮೇಲೆ ಇನ್ನೂ ಐದು ಕೂಡಿದರೆ ದೊಡ್ಡ ಮೊತ್ತಕ್ಕೂ ಸಾಕೆಂಬುದು ರೂಢಿ. ಶುಲ್ಕ ತೀರ ಕಡಿಮೆಯಾಗಿ ಸರತಿಯಲ್ಲೇ ಉಳಿದರೆ, ಅದೇ ಬರಹವನ್ನು ಹೆಚ್ಚಿನ ಶುಲ್ಕದೊಂದಿಗೆ ಮತ್ತೆ ಸಲ್ಲಿಸಲು ಹಲವು ವ್ಯಾಲೆಟ್‌ಗಳಲ್ಲಿ ಅವಕಾಶವಿದೆ.

ತಪ್ಪು ವಿಳಾಸದ ಭಯವನ್ನು ಕೆಲವರು ತೋಡಿಕೊಂಡರು. ವಿಳಾಸದೊಳಗೂ ತಾಳೆಯಂಕವಿರುವುದರಿಂದ ಕೈತಪ್ಪಿ ಒಂದಕ್ಷರ ಬದಲಾದರೆ ವ್ಯಾಲೆಟ್ ನಿರಾಕರಿಸುತ್ತದೆ. ಆದರೆ ಇನ್ನೊಬ್ಬರ ಸರಿಯಾದ ವಿಳಾಸಕ್ಕೆ ಕಳುಹಿಸಿಬಿಟ್ಟರೆ ಹಿಂದಕ್ಕೆ ತರಿಸುವ ಮೇಲಧಿಕಾರಿ ಯಾರೂ ಇಲ್ಲ. ನಕಲು ಮಾಡಿದ ವಿಳಾಸವನ್ನು ಅಂಟಿಸುವಾಗ ಗುಟ್ಟಾಗಿ ಬದಲಿಸುವ ದುಷ್ಟ ತಂತ್ರಾಂಶಗಳೂ ಇವೆ. ಆದ್ದರಿಂದ ಮೊದಲ ಮತ್ತು ಕೊನೆಯ ಅಕ್ಷರಗಳನ್ನಷ್ಟೇ ಅಲ್ಲ, ನಡುವಣವನ್ನೂ ಓದಿ ನೋಡಬೇಕು.

ವಿನಿಮಯ ಕೇಂದ್ರದ ಖಾತೆಯಲ್ಲೇ ಬಿಟ್ಟರೆ ಈ ರಗಳೆಗಳಿಲ್ಲವಲ್ಲ ಎಂದೂ ಕೇಳಿದರು. ಪದಗಳ ರಗಳೆ ಇಲ್ಲ, ನಿಜ; ಕೀಲಿಯೂ ನಿಮ್ಮದಲ್ಲ. 2014ರ ಫೆಬ್ರವರಿಯಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ಕೇಂದ್ರ ದಿವಾಳಿಯಾದಾಗ ಸುಮಾರು ಎಂಟೂವರೆ ಲಕ್ಷ ಬಿಟ್‌ಕಾಯಿನ್‌ಗಳ ಲೆಕ್ಕ ಸಿಗಲಿಲ್ಲ. ಆಮೇಲೆ ಸುಮಾರು ಎರಡು ಲಕ್ಷ ಪತ್ತೆಯಾಯಿತು. ತೆರಿಗೆಯ ವಿಷಯ ಚಿಕ್ಕದು: ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಮಾರಿದ ಲಾಭಕ್ಕೆ ಶೇ. 30 ತೆರಿಗೆ, ಕೊಂಡ ಬೆಲೆಯ ಹೊರತು ಬೇರೆ ಖರ್ಚನ್ನು ಕಳೆಯುವಂತಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಮಾಡುವಂತೆಯೂ ಇಲ್ಲ.

ನನ್ನನ್ನು ಕಾಡಿದ್ದು ಬೇರೊಂದು. ಪದಪಟ್ಟಿಯ ಆ ಪದ್ಧತಿಯಲ್ಲಿ ಇಂಗ್ಲಿಷ್ ಅಲ್ಲದೆ ಜಪಾನಿ, ಕೊರಿಯನ್, ಚೀನೀ, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್, ಝೆಕ್, ಪೋರ್ಚುಗೀಸ್ ಪಟ್ಟಿಗಳಿವೆ. ಭಾರತೀಯ ಭಾಷೆ ಒಂದೂ ಇಲ್ಲ. ಕನ್ನಡದ ಪಟ್ಟಿಯೊಂದಿದ್ದು, ವ್ಯಾಲೆಟ್ ಅದನ್ನು ಬಲ್ಲದಾಗಿದ್ದರೆ ಆ ತಾಯಿ ಬರೆದದ್ದರಲ್ಲಿ ಪಾಠಾಂತರವೇ ಹುಟ್ಟುತ್ತಿರಲಿಲ್ಲ. 2048 ಕನ್ನಡ ಪದಗಳನ್ನು ಆರಿಸುವುದು ಸುಲಭವೆಂದುಕೊಂಡು ಒಂದು ಸಂಜೆ ಕುಳಿತೆ. ಮಹಾಪ್ರಾಣ ಮೊದಲು ತಡೆಯಿತು: ಮಾತಿನಲ್ಲಿ ‘ಭಾಗ’ವೂ ‘ಬಾಗ’ವೂ ಒಂದಾಗುವ ಊರುಗಳಿವೆ, ಜೋಡಿಯಲ್ಲಿ ಒಂದನ್ನು ಕೈಬಿಡಬೇಕು. ಲ-ಳ ಜೋಡಿಗಳು, ಶ-ಷ-ಸ ಗೊಂದಲ, ಪದಾಂತ್ಯದ ಉಕಾರ ಹಿಡಿದು ಕೆಲವರು, ಬಿಟ್ಟು ಕೆಲವರು ಬರೆಯುವ ರೂಪಗಳು. ಮನೆಯಲ್ಲಿ ತುಳುವೋ ಮಲೆಯಾಳವೋ ಆಡಿ ಶಾಲೆಯಲ್ಲಿ ಕನ್ನಡ ಕಲಿತವರ ಕಿವಿಗೂ ಪದ ಸ್ಪಷ್ಟವಾಗಿರಬೇಕು. ಗಣಕದೊಳಗೆ ಇನ್ನೊಂದು ಪೇಚು: ಯಂತ್ರ ಓದುವುದು ಪದದ ಅರ್ಥವನ್ನಲ್ಲ, ಅಕ್ಷರಗಳ ಸಂಕೇತಗಳನ್ನು. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಎರಡರ ಕೂಟವಾಗಿಯೂ ಮೂಡಿಸಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಇದನ್ನು ಏಕರೂಪಕ್ಕೆ ತರುವ ನಿಯಮ ಆ ಪದ್ಧತಿಯಲ್ಲೇ ಇದೆ. ಆದರೆ ‘ಬಿಟ್‌ಕಾಯಿನ್’ ಎಂಬಲ್ಲಿ ಒತ್ತಕ್ಷರವಾಗದಂತೆ ನಾವು ಸೇರಿಸುವ ಕಾಣದ ಅಕ್ಷರವನ್ನು ಆ ನಿಯಮ ತೆಗೆಯುವುದಿಲ್ಲ. ಅಂಥ ಪದಗಳೂ ಪಟ್ಟಿಗೆ ಸಲ್ಲವು.

ಆ ಸಂಜೆ ಉಳಿದವು ನೂರ ಹದಿನೇಳು ಪದಗಳು. ಅಕಾರಾದಿಯಾಗಿ ಬರೆದು ವಿಭಾಗದ ಫಲಕಕ್ಕೆ ಅಂಟಿಸಿದ್ದೇನೆ. ಅಭ್ಯಾಸಕ್ಕಾಗಿ ಮಾತ್ರ, ಯಾರೂ ಇದರಿಂದ ಹಣ ಕಾಯತಕ್ಕದ್ದಲ್ಲ. ಒಬ್ಬರು ಓದಿ ಇನ್ನೊಬ್ಬರು ಬರೆದು ನೋಡಿ; ಇಬ್ಬರ ಬರಹ ಬೇರೆಯಾದ ಪದಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ‘ಹಲಸು’ವಿಗೆ ಈಗಾಗಲೇ ಗೆರೆ ಬಿದ್ದಿದೆ, ‘ಅಲಸು’ ಎಂದು ಬರೆದವರು ಯಾರೆಂದು ನಾನು ವಿಚಾರಿಸಲಿಲ್ಲ.