ಬೆಳಕಿನ ಗೆರೆ

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬುದು ಕನ್ನಡದ ಹಳೆಯ ಗಾದೆ. ಬಟ್ಟೆಗೂ ಈ ಮಾತು ಸಲ್ಲುತ್ತದೆ. ತಪ್ಪಾಗಿ ಎಳೆದ ಗೆರೆಯನ್ನು ಒರೆಸಬಹುದು. ತಪ್ಪಾಗಿ ಹಾಕಿದ ಹೊಲಿಗೆಯನ್ನು ಬಿಚ್ಚಬಹುದು. ಆದರೆ ಕತ್ತರಿ ಆಡಿದ ಮೇಲೆ ಬಟ್ಟೆ ಮತ್ತೆ ಒಂದಾಗದು.

ರೇಷ್ಮೆ ಸೀರೆಯೊಡನೆಯೇ ನೇಯ್ದು ಬರುವ ರವಿಕೆಯ ಕಣದಲ್ಲಿ ಈ ಸತ್ಯ ಎದ್ದು ಕಾಣುತ್ತದೆ. ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ರೈತರು ಹಿಪ್ಪುನೇರಳೆ ಬೆಳೆದು, ಸೊಪ್ಪು ಕೊಯ್ದು, ಸುಮಾರು ನಾಲ್ಕು ವಾರ ಹಗಲಿರುಳೆನ್ನದೆ ಹುಳುಗಳನ್ನು ಸಾಕುತ್ತಾರೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡನ್ನು ಕೊಂಡವರು ಒಂದೊಂದು ಗೂಡಿನಿಂದ ನೂರಾರು ಮೀಟರ್ ಎಳೆ ಬಿಚ್ಚುತ್ತಾರೆ. ಆ ನೂಲು ನೇಕಾರರ ಮಗ್ಗದಲ್ಲಿ ಸೀರೆಯಾಗುತ್ತದೆ. ಅದರ ಕೊನೆಯಲ್ಲಿ ರವಿಕೆಗೆಂದು ಉಳಿಯುವುದು ಸುಮಾರು 80 ಸೆಂಟಿಮೀಟರ್ ಬಟ್ಟೆ ಮಾತ್ರ. ಅದು ಕೆಟ್ಟರೆ ಅದೇ ಬಣ್ಣದ, ಅದೇ ಅಂಚಿನ ಇನ್ನೊಂದು ತುಂಡು ಅಂಗಡಿಯಲ್ಲಿ ದೊರೆಯುವುದು ದುರ್ಲಭ. ಇಷ್ಟು ಜನರ ದುಡಿಮೆ ಕಡೆಗೆ ಒಂದು ಕತ್ತರಿಯ ಬಾಯಲ್ಲಿ ಬಂದು ನಿಲ್ಲುತ್ತದೆ. ಆದ್ದರಿಂದಲೇ ಕತ್ತರಿಗೆ ಮುಂಚೆ ಗೆರೆ ಬೇಕು; ಗೆರೆಗೆ ಮುಂಚೆ ಅಳತೆ ಬೇಕು.

ಕನ್ನಡ ನಾಡಿನಲ್ಲಿ ಹೊಲಿಗೆ ಬಹು ಹಿಂದಿನಿಂದಲೂ ಗೌರವದ ಕಾಯಕವಾಗಿದೆ. 12ನೆಯ ಶತಮಾನದ ಶರಣರಲ್ಲಿ ಒಬ್ಬರಾದ ಸೂಜಿಕಾಯಕದ ರಾಮಿತಂದೆಯ ಹೆಸರೇ ಇದನ್ನು ಸಾರುತ್ತದೆ. ಹಳ್ಳಿಗಳಲ್ಲಿ ಇಂದಿಗೂ ಅನೇಕರು ದರ್ಜಿಗೆ ಹೊಸ ಬಟ್ಟೆಯೊಡನೆ ಒಂದು ಹಳೆಯ ರವಿಕೆಯನ್ನೂ ಕೊಡುತ್ತಾರೆ. ಅದೇ 'ಅಳತೆ ರವಿಕೆ'. ಅನುಭವಿಯಾದ ದರ್ಜಿ ಅದನ್ನು ನೋಡಿ ಸೀಮೆಸುಣ್ಣದಿಂದ ಬಟ್ಟೆಯ ಮೇಲೆಯೇ ಗೆರೆ ಎಳೆಯಬಲ್ಲರು. ಆ ಅನುಭವವಿಲ್ಲದೆ ಮನೆಯಲ್ಲಿ ಹೊಲಿಯಲು ಕಲಿಯುವವರಿಗೆ ಒಂದು ಮಾದರಿ ಬೇಕಾಗುತ್ತದೆ.

ಇಂತಹ ಮಾದರಿಗಳ ಚರಿತ್ರೆ ದೀರ್ಘವಾದುದು. ಸ್ಪೇನ್ ದೇಶದ ಹುವಾನ್ ದೆ ಆಲ್ಸೆಗಾ ಎಂಬ ದರ್ಜಿ 1580ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಉಡುಪಿನ ನಕ್ಷೆಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದನು. ಅದರ ಶೀರ್ಷಿಕೆಯಲ್ಲಿಯೇ 'ರೇಖಾಗಣಿತ' ಎಂಬ ಪದವಿತ್ತು. ಬಟ್ಟೆ ವ್ಯರ್ಥವಾಗದಂತೆ ಹೇಗೆ ಕತ್ತರಿಸಬೇಕೆಂಬುದನ್ನು ಅದು ತೋರಿಸುತ್ತಿತ್ತು. ಆದರೆ ಪುಟದಲ್ಲಿದ್ದ ಕಿರಿದಾದ ಚಿತ್ರವನ್ನು ಬಟ್ಟೆಯ ಮೇಲೆ ಹಿರಿದು ಮಾಡುವ ಹೊಣೆ ಓದುಗನದಾಗಿತ್ತು. 1863ರಲ್ಲಿ ಅಮೆರಿಕದ ಎಬೆನೀಜರ್ ಬಟರಿಕ್ ಎಂಬ ದರ್ಜಿ ಬೇರೆಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾರಲಾರಂಭಿಸಿದನು. ಕಾಗದವನ್ನು ಬಟ್ಟೆಯ ಮೇಲೆ ಹರಡಿ ಅದರ ಸುತ್ತ ಕತ್ತರಿಸಿದರೆ ಸಾಕಾಗುತ್ತಿತ್ತು.

ಗಣಕಯಂತ್ರ ಬಂದ ಮೇಲೆ ಮಾದರಿಯು ಕಡತದ ರೂಪದಲ್ಲಿ ಮನೆಗೇ ಬರತೊಡಗಿತು. ಅದನ್ನು ಸಾಮಾನ್ಯ ಹಾಳೆಗಳಲ್ಲಿ ಮುದ್ರಿಸಿ ಅಂಟಿಸಬೇಕು. ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ನಕ್ಷೆಗೆ ಎ4 ಅಳತೆಯ 30 ಹಾಳೆಗಳಾದರೂ ಬೇಕು. ಒಂದೊಂದು ಅಂಟಿನಲ್ಲಿ ಒಂದು ಮಿಲಿಮೀಟರ್ ಸರಿದರೂ ಉದ್ದದ ಐದು ಅಂಟುಗಳಲ್ಲಿ ಅರ್ಧ ಸೆಂಟಿಮೀಟರ್ ತಪ್ಪಾಗಬಹುದು. ಈ ತೊಡಕನ್ನು ನೀಗಲು ಹೊಸದೊಂದು ಉಪಾಯ ಹುಟ್ಟಿತು. 2020ರ ಆಸುಪಾಸಿನಲ್ಲಿ ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ಅದು ಪ್ರಚಾರಕ್ಕೆ ಬಂದಿತು. ಅದರಲ್ಲಿ ಕಾಗದವೇ ಇಲ್ಲ. ಪ್ರೊಜೆಕ್ಟರನ್ನು ಮೇಜಿನ ಮೇಲ್ಗಡೆ ತೂಗುಹಾಕಿ, ಮಾದರಿಯನ್ನು ಬೆಳಕಿನ ಗೆರೆಗಳಾಗಿ ಬಟ್ಟೆಯ ಮೇಲೆ ಬೀಳಿಸುತ್ತಾರೆ. ಆ ಗೆರೆಯನ್ನು ಅನುಸರಿಸಿ ಕತ್ತರಿಸುತ್ತಾರೆ.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಒಂದು ಮನೆಯಲ್ಲಿ ಹೊಲಿಗೆ ಕಲಿತ ಹೆಣ್ಣುಮಗಳೊಬ್ಬಳು ಈ ಕ್ರಮವನ್ನು ಪರೀಕ್ಷಿಸಲು ಹೊರಟಳೆಂದು ಭಾವಿಸಬಹುದು. ಆಕೆಗೆ ಮೊದಲು ನೆರವಾಗುವುದು ಶಾಲೆಯಲ್ಲಿ ಕಲಿತ ರೇಖಾಗಣಿತ. ಪ್ರೊಜೆಕ್ಟರಿನಿಂದ ಬೆಳಕು ಹರಡುತ್ತ ಬರುತ್ತದೆ. ದೂರ ಹೆಚ್ಚಿದಂತೆ ಚಿತ್ರದ ಅಗಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ದೂರಕ್ಕೂ ಅಗಲಕ್ಕೂ ಇರುವ ಅನುಪಾತ 1.2 ಆಗಿದ್ದರೆ, ಆರು ಅಡಿ ಎತ್ತರದಿಂದ ಬಿದ್ದ ಚಿತ್ರ ಐದು ಅಡಿ, ಎಂದರೆ 60 ಅಂಗುಲ ಅಗಲವಾಗಿರುತ್ತದೆ. ಅಡ್ಡಲಾಗಿ 1920 ಚುಕ್ಕೆಗಳುಳ್ಳ ಯಂತ್ರವಾದರೆ ಅಂಗುಲಕ್ಕೆ 32 ಚುಕ್ಕೆಗಳು ಬೀಳುತ್ತವೆ. ಒಂದು ಚುಕ್ಕೆ ಒಂದು ಮಿಲಿಮೀಟರಿಗಿಂತಲೂ ಕಿರಿದು. ರವಿಕೆಗೆ ಇಷ್ಟು ಸೂಕ್ಷ್ಮತೆ ಧಾರಾಳವಾಗಿ ಸಾಕು.

ಆದರೆ ಗೆರೆ ಸೂಕ್ಷ್ಮವಾದ ಮಾತ್ರಕ್ಕೆ ಅದು ಸತ್ಯವಾಗಲಾರದು. ಯಂತ್ರ ಕೊಂಚ ಓರೆಯಾಗಿದ್ದರೂ ಆಯತವು ತ್ರಾಪಿಜ್ಯವಾಗುತ್ತದೆ. ಇದನ್ನು ಕಂಡುಹಿಡಿಯಲು 40 ಅಂಗುಲ ಉದ್ದ, 30 ಅಂಗುಲ ಅಗಲದ ಆಯತವೊಂದನ್ನು ಮೇಜಿನ ಮೇಲೆ ಬೆಳಕಿನಲ್ಲಿ ಬೀಳಿಸಿ ಅಳತೆಪಟ್ಟಿಯಿಂದ ಅಳೆಯಬೇಕು. ಪೈಥಾಗೊರಸನ ಪ್ರಮೇಯದಂತೆ ಅದರ ಕರ್ಣ 50 ಅಂಗುಲ ಬರಬೇಕು. ಮನೆಯ ಪಾಯ ತೆಗೆಯುವಾಗ ಗಾರೆಯವರು ಮೂರು, ನಾಲ್ಕು, ಐದರ ಲೆಕ್ಕದಿಂದ ಮೂಲೆ ನೋಡುವುದೂ ಇದೇ ನಿಯಮದಿಂದ. ಎರಡು ಕರ್ಣಗಳು ಪರಸ್ಪರ ಸಮನಾದರೆ ಸಾಲದು. ಓರೆಯಾದ ಪಾರ್ಶ್ವಗಳು ಸಮನಾಗಿರುವ ತ್ರಾಪಿಜ್ಯದಲ್ಲಿಯೂ ಕರ್ಣಗಳು ಸಮವೇ. ನಾಲ್ಕು ಬಾಹುಗಳನ್ನೂ ಎರಡು ಕರ್ಣಗಳನ್ನೂ ಅಳೆದು ನೋಡಿದಾಗಲೇ ಸಂದೇಹ ನಿವಾರಣೆಯಾಗುತ್ತದೆ.

ಇಷ್ಟಾದ ಮೇಲೂ ಎಚ್ಚರ ತಪ್ಪಬಾರದು. ಆರು ಅಡಿಗೆ, ಎಂದರೆ 72 ಅಂಗುಲಕ್ಕೆ, ಎಲ್ಲವನ್ನೂ ಹೊಂದಿಸಿದ ಅನಂತರ ಬಟ್ಟೆಯ ಕೆಳಗೆ ಒಂದು ಅಂಗುಲ ದಪ್ಪದ ಹಲಗೆ ಇಟ್ಟರೆ ದೂರ 71 ಅಂಗುಲವಾಗುತ್ತದೆ. ಚಿತ್ರ 72ರಲ್ಲಿ ಒಂದು ಪಾಲು ಕುಗ್ಗುತ್ತದೆ. 36 ಅಂಗುಲ ಎದೆಸುತ್ತಳತೆಯ ರವಿಕೆ 35½ ಅಂಗುಲಕ್ಕೆ ಇಳಿಯುತ್ತದೆ. ಮೈಗೆ ಒತ್ತಿ ಕೂರುವ ರವಿಕೆಯಲ್ಲಿ ಅರ್ಧ ಅಂಗುಲವೆಂದರೆ ಅಲ್ಪವಲ್ಲ. ತಲೆಯ ಮೇಲೆ ತಿರುಗುವ ಫ್ಯಾನು ಯಂತ್ರವನ್ನು ಅದುರಿಸಬಹುದು, ಬಟ್ಟೆಯನ್ನು ಎಬ್ಬಿಸಬಹುದು. ವಿದ್ಯುತ್ತು ಹೋದರೆ ಗೆರೆಯೇ ಮಾಯವಾಗುತ್ತದೆ. ಕಾಗದದ ಮಾದರಿಗೆ ಈ ಭಯಗಳಿಲ್ಲ.

ಬೆಳಕಿಗೆ ತಿಳಿಯದ ಸಂಗತಿಗಳು ಇನ್ನೂ ಇವೆ. ಬಟ್ಟೆಯ ಹಾಸು ಯಾವುದು, ಹೊಕ್ಕು ಯಾವುದು ಎಂಬುದನ್ನು ಅದು ಅರಿಯದು. ಹೊಲಿಸಿಕೊಳ್ಳುವವರ ಒಂದು ಭುಜ ಇನ್ನೊಂದಕ್ಕಿಂತ ತಗ್ಗಾಗಿದೆಯೆಂದು ಅದು ಕಾಣದು. ದೂರದೇಶದಲ್ಲಿ ಯಾರದೋ ಮೈಯಳತೆಗೆ ರಚಿಸಿದ ನಕ್ಷೆ ಹೊಲದಲ್ಲಿ ದುಡಿದ ತೋಳಿಗೆ ಬಿಗಿಯಾಗಬಹುದು. ಆದ್ದರಿಂದ ವಿವೇಕಿಯಾದ ಹೆಣ್ಣುಮಗಳು ರೇಷ್ಮೆಯ ಕಣವನ್ನು ಮೊದಲ ದಿನವೇ ಮೇಜಿನ ಮೇಲೆ ಹಾಸುವುದಿಲ್ಲ. ಹಳೆಯ ಪಂಚೆಯ ತುಂಡೊಂದನ್ನು ಬೆಳಕಿನ ಗೆರೆಯಂತೆ ಕತ್ತರಿಸಿ, ಹೊಲಿದು, ತೊಡಿಸಿ ನೋಡುತ್ತಾಳೆ. ಪಕ್ಕದಲ್ಲಿ ಅಳತೆ ರವಿಕೆಯನ್ನು ಇಟ್ಟು ಹೋಲಿಸುತ್ತಾಳೆ. ಎಲ್ಲಿ ಬಿಗಿ, ಎಲ್ಲಿ ಸಡಿಲವೆಂದು ಗುರುತಿಸಿ ನಕ್ಷೆಯನ್ನು ತಿದ್ದುತ್ತಾಳೆ.

ಹೀಗೆ ತಿದ್ದಿದ ನಕ್ಷೆಯೇ ಆಕೆಯ ನಿಜವಾದ ಗಳಿಕೆ. ಅದು ಹರಿಯದು, ಮಡಿಕೆ ಬೀಳದು, ಗೆದ್ದಲಿಗೆ ತುತ್ತಾಗದು. ಮತ್ತೊಮ್ಮೆ ಬೇಕೆನಿಸಿದಾಗ ಮತ್ತೊಮ್ಮೆ ಬೆಳಗುತ್ತದೆ. ಹೊಸ ಸಾಧನದ ಪ್ರಯೋಜನ ಇಲ್ಲಿದೆ. ಅದು ಕೈಯ ಶ್ರಮವನ್ನು ಕಡಿಮೆ ಮಾಡಬಲ್ಲದು. ಕಣ್ಣಿನ ಹೊಣೆಯನ್ನು ಹೊರಲಾರದು. ಗೆರೆಯನ್ನು ತೋರಿಸುವುದು ಬೆಳಕಿನ ಕೆಲಸ. ಆ ಗೆರೆ ಸರಿಯೇ ಎಂದು ಅಳೆದು, ಅನಂತರ ಕತ್ತರಿ ಹಿಡಿಯುವುದು ಮನುಷ್ಯರ ಕೆಲಸ. ರೈತನ, ನೇಕಾರನ ದುಡಿಮೆಗೆ ಹೊಲಿಯುವವರು ಸಲ್ಲಿಸುವ ಗೌರವವೂ ಅದೇ ಆಗಿದೆ.

ಅಭ್ಯಾಸ

1. ರವಿಕೆಯ ಕಣವನ್ನು ಕತ್ತರಿಸುವಾಗ ಹೆಚ್ಚಿನ ಎಚ್ಚರ ಏಕೆ ಬೇಕು?
2. ಬೆಳಕಿನ ಆಯತವನ್ನು ಪರೀಕ್ಷಿಸುವಾಗ ಕರ್ಣಗಳೊಡನೆ ಬಾಹುಗಳನ್ನೂ ಅಳೆಯಬೇಕು. ಕಾರಣ ಕೊಡಿ.
3. 'ಕಣ್ಣಿನ ಹೊಣೆಯನ್ನು ಹೊರಲಾರದು' ಎಂಬ ಮಾತನ್ನು ಪಾಠದ ಆಧಾರದಿಂದ ವಿವರಿಸಿ.