ಸೆನ್ಸರ್ ಬದಲಿಸುವ ಮೊದಲು ಪೈಪ್ ನೋಡಿ

ತುಮಕೂರಿನ ಗುಬ್ಬಿ ಗೇಟ್ ಕಡೆ ನಾನು ಕಾರುಗಳ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ಸೈಲೆನ್ಸರ್ ಬದಲಿಸಿದ ಮೇಲೆ ಚೆಕ್ ಎಂಜಿನ್ ಲೈಟ್ ಹತ್ತಿದರೆ, ಬಂದವರು ಕಾರಿನಿಂದ ಇಳಿಯುತ್ತಲೇ ಹೇಳುವ ಮಾತು ಒಂದೇ: 'ಅಣ್ಣ, ಆಕ್ಸಿಜನ್ ಸೆನ್ಸರ್ ಹೋಗಿದೆಯಂತೆ, ಹೊಸದು ಹಾಕಿಬಿಡಿ.' ಸ್ಕ್ಯಾನರ್‌ನಲ್ಲಿ ಪಿ0131 ಬಂದಿರುತ್ತದೆ, ಪಕ್ಕದಲ್ಲಿ ಸೆನ್ಸರ್ ಹೆಸರೂ ಇರುತ್ತದೆ. ಆದರೆ ಆ ಕೋಡ್ ಹೇಳುವುದು ಸೆನ್ಸರ್‌ನಿಂದ ಬರುವ ವೋಲ್ಟೇಜ್ ಕಡಿಮೆ ಇದೆ ಅಂತ ಮಾತ್ರ. ಯಾಕೆ ಕಡಿಮೆ ಅನ್ನುವುದನ್ನು ನಾವೇ ಹುಡುಕಬೇಕು.

ಗುಬ್ಬಿಯಿಂದ ಒಂದು ಪೆಟ್ರೋಲ್ ಕಾರು ಬಂತು. ಎಂಜಿನಿಯರಿಂಗ್ ಓದುವ ಹುಡುಗ, ಬೇರೆ ಊರಲ್ಲಿ ಹೆಡರ್ ಮತ್ತು ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿಕೊಂಡಿದ್ದ. ಮೈಲೇಜ್ ಬಿದ್ದಿತ್ತು, ಪ್ಲಗ್‌ಗಳಿಗೆ ಮಸಿ ಹಿಡಿದಿತ್ತು. ಹೊಸ ಸೆನ್ಸರ್ ಹಾಕಿಸಿದ್ದೂ ಆಗಿತ್ತು. ಹೆಗ್ಗೆರೆ ದಾಟುವಷ್ಟರಲ್ಲಿ ಮತ್ತೆ ಅದೇ ಲೈಟ್. ಐಡಲ್‌ನಲ್ಲಿ ಬಿಟ್ಟು ಲೈವ್ ಡೇಟಾ ನೋಡಿದೆ. ಎಂಜಿನ್ ಹತ್ತಿರದ ಮುಂದಿನ ಸೆನ್ಸರ್ 0.1 ವೋಲ್ಟ್ ಆಸುಪಾಸಿನಿಂದ ಏಳುತ್ತಿರಲಿಲ್ಲ. ಫ್ಯುಯಲ್ ಟ್ರಿಮ್ 20 ಪರ್ಸೆಂಟ್ ಮೇಲಿತ್ತು, ಅಂದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತನ್ನ ಲೆಕ್ಕಕ್ಕಿಂತ ಅಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು.

ಈ ಸೆನ್ಸರ್‌ಗೆ ಪೆಟ್ರೋಲ್ ಕಾಣುವುದಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ಮಾತ್ರ ಕಾಣುತ್ತದೆ. 14.7 ಕೆಜಿ ಗಾಳಿಗೆ 1 ಕೆಜಿ ಪೆಟ್ರೋಲ್ ಎಂಬ ಅಳತೆ ಸರಿಯಿದ್ದಾಗ ಅದು 0.1ರಿಂದ 0.9 ವೋಲ್ಟ್ ನಡುವೆ ಏರುತ್ತ ಇಳಿಯುತ್ತ ಇರುತ್ತದೆ. (ಈಚಿನ ಕೆಲವು ಕಾರುಗಳಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಬರುತ್ತದೆ, ಅದಕ್ಕೆ ಈ ಅಳತೆ ಹಿಡಿಯಬೇಡಿ.) ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿದೆ, ವೋಲ್ಟೇಜ್ 0.8ಕ್ಕೆ ಏರಿ, ಬಿಟ್ಟ ತಕ್ಷಣ ಇಳಿಯಿತು. ಸತ್ತ ಸೆನ್ಸರ್ ಹೀಗೆ ಏರಿಳಿಯುವುದಿಲ್ಲ. 2500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿದಾಗ ಟ್ರಿಮ್ ಕೂಡ ತಗ್ಗಿತು. ಎಲ್ಲೋ ಗಾಳಿ ಸೋರುತ್ತಿದೆ ಎನ್ನುವುದು ಅಲ್ಲಿಗೆ ಖಚಿತವಾಯಿತು.

ಇಂಟೇಕ್ ಕಡೆ ಸೋರಿದರೂ ಟ್ರಿಮ್ ಹೀಗೇ ಏರುತ್ತದೆ. ಆದರೆ ಆಗ ಸುರಿದ ಹೆಚ್ಚುವರಿ ಪೆಟ್ರೋಲ್‌ಗೆ ತಕ್ಕ ಗಾಳಿ ಸಿಲಿಂಡರ್ ಒಳಗೇ ಹೋಗಿರುವುದರಿಂದ ಪ್ಲಗ್ ಕಪ್ಪಾಗುವುದಿಲ್ಲ. ಇಲ್ಲಿ ಪ್ಲಗ್ ಮಸಿ ಹಿಡಿದಿತ್ತು. ಹಾಗಾದರೆ ಗಾಳಿ ಸೇರುತ್ತಿರುವುದು ಸಿಲಿಂಡರ್ ದಾಟಿದ ಮೇಲೆ, ಸೆನ್ಸರ್‌ಗಿಂತ ಮೊದಲು ಅಥವಾ ಅದರ ಬುಡದಲ್ಲೇ. ಟ್ರಿಮ್ ಅಂಕಿ ನೋಡುವಾಗ ಪ್ಲಗ್ ಬಿಚ್ಚಿ ನೋಡದವರು ಇಲ್ಲೇ ದಾರಿ ತಪ್ಪುತ್ತಾರೆ.

'ಪೈಪ್‌ನಿಂದ ಹೊಗೆ ಹೊರಗೆ ಬರಬೇಕಲ್ವಾ ಅಣ್ಣ, ಗಾಳಿ ಒಳಗೆ ಹೇಗೆ ಹೋಗುತ್ತೆ?' ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಒಂದೊಂದು ಸಿಲಿಂಡರ್ ಉಗುಳಿದಂತೆ ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಪೈಪ್ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ಆ ಗಳಿಗೆಯಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೂ ಪೈಪ್ ಹೊರಗಿನ ಗಾಳಿಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ಸೆನ್ಸರ್ ಕಂಡದ್ದನ್ನು ಕಂಡಂತೆ ಹೇಳುತ್ತದೆ. ಪೆಟ್ರೋಲ್ ಸಾಲದು ಎಂದುಕೊಂಡು ಇಸಿಯು ಇನ್ನಷ್ಟು ಸುರಿಯುತ್ತದೆ. ಐಡಲ್‌ನಲ್ಲಿ ಇದು ಹೆಚ್ಚು, ಸ್ಪೀಡ್ ಏರಿದಂತೆ ಕಡಿಮೆ.

ಎಂಜಿನ್ ಪೂರ್ತಿ ಆರಿದ ಮೇಲೆ ಸೈಲೆನ್ಸರ್ ಬಾಯಿಗೆ ಬ್ಲೋವರ್ ಇಟ್ಟು ಗಾಳಿ ಹಿಂದಕ್ಕೆ ಊದಿ, ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿದೆವು. ಸೆನ್ಸರ್ ಕೂರುವ ನಟ್ ಬುಡದ ವೆಲ್ಡಿಂಗ್‌ನಲ್ಲಿ ಗುಳ್ಳೆ ಎದ್ದಿತು. ಹೆಡರ್ ಫ್ಲೇಂಜ್‌ನಲ್ಲೂ ಎದ್ದಿತು. ಅಲ್ಲಿ ಹಳೆಯ ಪ್ಯಾಕಿಂಗನ್ನೇ ಮತ್ತೆ ಕೂರಿಸಿದ್ದರು. ಬ್ಯಾಟರಿ ಕಳಚಿ, ಸೆನ್ಸರ್ ಬಿಚ್ಚಿಟ್ಟು, ಮತ್ತೆ ವೆಲ್ಡಿಂಗ್ ಮಾಡಿಸಿ, ಹೊಸ ಪ್ಯಾಕಿಂಗ್ ಹಾಕಿದೆವು. ಇಂಥ ಕಡೆ ಸಾಮಾನ್ಯ ಸಿಲಿಕಾನ್ ಪೇಸ್ಟ್ ಬಳಿಯಲೇಬೇಡಿ, ಅದರ ಆವಿ ಸೆನ್ಸರ್‌ಗೆ ವಿಷ. ಟ್ರಿಮ್ 4 ಪರ್ಸೆಂಟ್‌ಗೆ ಬಂತು. ಬಿಚ್ಚಿ ಎಸೆಯದೆ ಇಟ್ಟುಕೊಂಡಿದ್ದ ಹಳೆಯ ಸೆನ್ಸರ್ ಹಾಕಿ ನೋಡಿದರೆ ಅದೂ ಸರಿಯಾಗೇ ಇತ್ತು.

ಕುಣಿಗಲ್ಲಿನಿಂದ ಬಂದ ಒಂದು ಕಾರಿನದು ಇನ್ನೊಂದು ಬಗೆ. ಮಂಗಳೂರು ಹೆದ್ದಾರಿಯಲ್ಲಿ ಎಷ್ಟು ದೂರ ಓಡಿಸಿದರೂ ತೊಂದರೆ ಇಲ್ಲ, ತುಮಕೂರಿಗೆ ಬಂದು ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ನಿಂತರೆ ಎಂಜಿನ್ ತಡವರಿಸುತ್ತದೆ. ಸೆನ್ಸರ್ ಕೆಲಸ ಮಾಡಲು 300 ಡಿಗ್ರಿಗೂ ಮೀರಿದ ಬಿಸಿ ಬೇಕು, ಅದಕ್ಕೇ ಒಳಗೊಂದು ಹೀಟರ್ ಇರುತ್ತದೆ. ಹೊಸ ಪೈಪ್ ಮಾಡಿದವರು ಸೆನ್ಸರನ್ನು ಹಿಂದಕ್ಕೆ ಸರಿಸಿದ್ದರು. ಉದ್ದ ಸಾಲದ ವೈರನ್ನು ಎಳೆದು ಕಟ್ಟಿದ್ದರಿಂದ ಅದು ಪೈಪ್‌ಗೆ ತಾಗಿ ಸುಟ್ಟಿತ್ತು, ಫ್ಯೂಸ್ ಹೋಗಿತ್ತು. ಹೆದ್ದಾರಿಯಲ್ಲಿ ಹೊಗೆಯ ಬಿಸಿಯೇ ಸೆನ್ಸರ್‌ಗೆ ಸಾಕಾಗುತ್ತಿತ್ತು, ನಿಂತಾಗ ಅದು ತಣ್ಣಗಾಗುತ್ತಿತ್ತು. ಮೀಟರ್ ಇಟ್ಟರೆ ಹೀಟರ್‌ಗೆ ಕೆಲವೇ ಓಮ್ ತೋರಿಸಬೇಕು. ಇಲ್ಲಿ ಓಪನ್ ತೋರಿಸಿತು. ಆ ಕಾರಿಗೆ ಹೊಸ ಸೆನ್ಸರ್ ಬೇಕೇ ಬೇಕಿತ್ತು, ಆದರೆ ವೈರ್ ಸರಿಮಾಡದೆ ಹಾಕಿದ್ದರೆ ಅದೂ ಉಳಿಯುತ್ತಿರಲಿಲ್ಲ. ಸೆನ್ಸರ್ ವೈರಿಗೆ ಬೆಸುಗೆ ಬೇಡ, ಕ್ರಿಂಪ್ ಮಾಡಿ. ಹೋಲಿಕೆಗೆ ಬೇಕಾದ ಹೊರಗಿನ ಗಾಳಿ ಎಷ್ಟೋ ಸೆನ್ಸರ್‌ಗಳಿಗೆ ವೈರ್ ಎಳೆಗಳ ಸಂದಿಯಿಂದಲೇ ಹೋಗುತ್ತದೆ.

ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ತೆಗೆಸಿ ಬರುವವರಿಗೆ ಮಾತ್ರ ಕಡ್ಡಿ ತುಂಡು ಮಾಡಿದಂತೆ ಹೇಳುತ್ತೇನೆ. ಅವರಿಗೆ ಬರುವುದು ಪಿ0420. ಕ್ಯಾಟ್ ಹಿಂದಿರುವ ಸೆನ್ಸರ್ ಮುಂದಿನದರ ಹಾಗೆಯೇ ಏರಿಳಿಯುತ್ತಿದೆ, ಕ್ಯಾಟ್ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ. ಅಲ್ಲೂ ಸೆನ್ಸರ್ ಹೇಳುವುದು ನಿಜವೇ. ಸೆನ್ಸರನ್ನು ಹೊಗೆಯಿಂದ ದೂರ ಸರಿಸುವ ಸ್ಪೇಸರ್ ಹಾಕಿ ಲೈಟ್ ಆರಿಸಿಕೊಡಿ ಎಂದರೆ ನಾನು ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡಿಗೆ ಅಡ್ಡ ಬರುತ್ತದೆ. ಅದಕ್ಕಿಂತ ಮುಖ್ಯ, ಕ್ಯಾಟ್ ಇಲ್ಲದೆ ಹೊರಬರುವ ಕಾರ್ಬನ್ ಮಾನಾಕ್ಸೈಡ್ ಕುಡಿಯುವವರು ಸಿಗ್ನಲ್‌ನಲ್ಲಿ ಪಕ್ಕದಲ್ಲಿ ನಿಂತ ಸ್ಕೂಟರಿನವರು, ಶಾಲೆಯ ಮಕ್ಕಳು. ಹಾಗೆ ಕೇಳಿಬಂದ ಕ್ಯಾತ್ಸಂದ್ರದ ಒಬ್ಬರಿಗೆ ಹಳೆಯ ಕ್ಯಾಟ್ ಎಲ್ಲಿದೆ ಎಂದು ಕೇಳಿದೆ. ಪ್ಲಾಟಿನಂ, ಪಲ್ಲಾಡಿಯಂ ಇರುವುದರಿಂದ ಗುಜರಿಯವರು ಅದನ್ನು ಕೇಳಿ ಪಡೆಯುತ್ತಾರೆ; ಪುಣ್ಯಕ್ಕೆ ಇವರು ಮಾರಿರಲಿಲ್ಲ. ಮತ್ತೆ ಅದನ್ನೇ ಕೂರಿಸಿದೆವು. ಹಿಂದಿನ ಸೆನ್ಸರ್ 0.7 ವೋಲ್ಟ್ ಹತ್ತಿರ ಸ್ಥಿರವಾಗಿ ನಿಂತಿತು, ಕೋಡ್ ಮತ್ತೆ ಬರಲಿಲ್ಲ.