ತಾಯ್ನಾಯಿಯ ಪೋಷಣೆ

ಮರಿಹಾಕಿದ ಬೀದಿನಾಯಿಗೆ ಆಶ್ರಯವೀಯುವ ಗೃಹಸ್ಥನು ಮೊದಲು ತಿಳಿಯತಕ್ಕುದು ಇದು: ಮರಿಗಳ ರಕ್ಷಣೆಯು ತಾಯಿಯ ರಕ್ಷಣೆಯಲ್ಲಿಯೇ ಅಡಗಿದೆ. ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. ತನ್ನ ಮೈಯನ್ನು ತಾನೇ ಬೆಚ್ಚಗಿರಿಸಿಕೊಳ್ಳುವ ಶಕ್ತಿಯೂ ಇಲ್ಲ. ತಾಯಿ ನೆಕ್ಕಿದ ಹೊರತು ಅದು ಮಲಮೂತ್ರಗಳನ್ನೂ ವಿಸರ್ಜಿಸಲಾರದು. ಆದುದರಿಂದ ಮರಿಯನ್ನೆತ್ತಿ ಮುದ್ದಿಸುವುದಕ್ಕಿಂತ, ತಾಯಿಗೆ ಮರೆಯಾದ ಒಣನೆಲ, ಹೊಟ್ಟೆತುಂಬ ಆಹಾರ, ಸದಾ ನೀರು ಒದಗಿಸುವುದೇ ನಿಜವಾದ ದಯೆ. 10ರಿಂದ 14 ದಿನಗಳಲ್ಲಿ ಮರಿಗಳು ಕಣ್ದೆರೆಯುವುವು. ನಾಲ್ಕನೆಯ ವಾರದ ಹೊತ್ತಿಗೆ ಮೆದು ಆಹಾರಕ್ಕೆ ಬಾಯಿಡುವುವು. 8 ವಾರ ತುಂಬುವ ಮುನ್ನ ಅವನ್ನು ತಾಯಿಯಿಂದ ಅಗಲಿಸಲಾಗದು. ಬಳಿಕ ಪಶುವೈದ್ಯರಿಂದ ಲಸಿಕೆ ಹಾಕಿಸಿ ಯೋಗ್ಯರ ಮನೆಗೆ ಒಪ್ಪಿಸಬೇಕು. ತಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು. ತನ್ನದೆನ್ನದೆ ಸಾಕಿ, ಕಾಲ ಬಂದಾಗ ಬಿಟ್ಟುಕೊಡುವುದು ಕಠಿನ; ದಾಸೋಹಭಾವವು ಪರೀಕ್ಷೆಗೊಳಗಾಗುವುದು ಅಲ್ಲಿಯೇ.